ಕಾಡುಹಂದಿ ನಿಯಂತ್ರಣ: ಕೊಂದ ಲೆಕ್ಕ ಬೇಡ, ಉಳಿದ ಬೆಳೆಯ ಲೆಕ್ಕ ಬೇಕು

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949ರ ಸುಮಾರಿನ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ ತನ್ನ ಸಾಹಸಕ್ಕೆ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು ಕಾದಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಮಣಲೇರ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಕನ್ನಡ ನಾಡಿನಲ್ಲಿ ಮನುಷ್ಯನಿಗೂ ಕಾಡುಹಂದಿಗೂ ಇರುವ ಜಗಳ ಎಷ್ಟು ಹಳೆಯದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಅಂದಿನ ಜಗಳ ಕಾಡಿನೊಳಗೆ ನಡೆಯುತ್ತಿತ್ತು, ಇಂದಿನದು ಹೊಲ, ಗದ್ದೆ, ತೋಟಗಳಲ್ಲಿ ನಡೆಯುತ್ತಿದೆ. ತೀರ್ಥಹಳ್ಳಿಯ ಅಡಿಕೆ ತೋಟ, ಹಾವೇರಿಯ ಮೆಕ್ಕೆಜೋಳ, ಕೊಡಗಿನ ಭತ್ತದ ಗದ್ದೆ, ಚಾಮರಾಜನಗರದ ನೆಲಗಡಲೆ ಹೊಲ, ಎಲ್ಲ ಕಡೆಯಿಂದಲೂ ಒಂದೇ ದೂರು ಬರುತ್ತದೆ: ಹಂದಿ ಕಾಟ ತಡೆಯಲಾಗುತ್ತಿಲ್ಲ. ದೂರಿನ ಬೆನ್ನಿಗೇ ಬರುವ ಬೇಡಿಕೆಯೂ ಒಂದೇ: ಕೊಲ್ಲಲು ಬಿಡಿ. ಕೊಂದರೆ ಕಾಟ ನಿಲ್ಲುತ್ತದೆಯೇ? ಕೊಲ್ಲದೆ ನಿಲ್ಲಿಸಲು ದಾರಿಯಿದೆಯೇ? ಈ ಎರಡು ಪ್ರಶ್ನೆಗಳನ್ನು ಹಿಡಿದು ನಮ್ಮ ದೇಶವೂ ಹೊರದೇಶಗಳೂ ಮಾಡಿ ನೋಡಿದ್ದೇನು, ಅದರಲ್ಲಿ ಫಲ ಕೊಟ್ಟದ್ದೇನು ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಂದು ರಾತ್ರಿಯ ಹಾನಿ

ಹಂದಿ ಹಿಂಡು ಗದ್ದೆಗೆ ಇಳಿಯುವುದು ಕತ್ತಲು ಗಟ್ಟಿಯಾದ ಮೇಲೆ. ಮುಂದೆ ಹಿರಿಯ ಹೆಣ್ಣು, ಹಿಂದೆ ಅದರ ಬಳಗದ ಹೆಣ್ಣುಗಳು, ನಡುವೆ ಮರಿಗಳು. ಬೆಳೆದ ಗಂಡು ಹಿಂಡಿನಲ್ಲಿ ಇರುವುದಿಲ್ಲ, ಅದು ಒಂಟಿಗನಾಗಿ ಬೇರೆಯೇ ಓಡಾಡುತ್ತದೆ. ಭತ್ತ ಹಾಲುಗಟ್ಟುವ ಹೊತ್ತಿನಲ್ಲಿ ಬಂದ ಹಿಂಡು ತೆನೆಯನ್ನು ಬಾಯಿಗೆ ಎಳೆದು, ಹಾಲು ಹೀರಿ, ಸಿಪ್ಪೆ ಉಗುಳುತ್ತಾ ಹೋಗುತ್ತದೆ. ತಿಂದದ್ದಕ್ಕಿಂತ ತುಳಿದದ್ದು, ಹೊರಳಾಡಿ ಮಲಗಿಸಿದ್ದು ಹೆಚ್ಚು. ಬದುವಿನಲ್ಲಿ ಎರೆಹುಳದ ವಾಸನೆ ಸಿಕ್ಕಿದರೆ ಮೂತಿ ಹಾಕಿ ಅಗೆಯುತ್ತದೆ. ಬದು ಒಡೆದು ಬೆಳಗಾಗುವುದರೊಳಗೆ ಗದ್ದೆಯ ನೀರು ಕೆಳಗಿನ ಗದ್ದೆಗೆ ಹರಿದುಹೋಗಿರುತ್ತದೆ.

ತೋಟದ ಕಥೆ ಇನ್ನೂ ನೋವಿನದು. ಗೊಬ್ಬರ ಹಾಕಿದ ಅಡಿಕೆ ಸಸಿಯ ಬುಡದಲ್ಲಿ ಹುಳು ಹೆಚ್ಚು. ಹಂದಿ ಹುಳು ಹುಡುಕುವಾಗ ಸಸಿ ಬುಡಸಮೇತ ಮೇಲೇಳುತ್ತದೆ. ಭತ್ತ ಹೋದರೆ ಒಂದು ವರ್ಷದ ಬೆಳೆ ಹೋಯಿತು. ಮೂರು ವರ್ಷ ನೀರು ಹನಿಸಿ ಸಾಕಿದ ಸಸಿ ಹೋದರೆ ಮೂರು ವರ್ಷದ ದುಡಿಮೆಯ ಜೊತೆಗೆ ಮುಂದಿನ ಫಸಲಿನ ಕಾಲವೂ ಹಿಂದೆ ಸರಿಯಿತು. ಬಾಳೆ, ಶುಂಠಿ, ಗೆಣಸು, ಮರಗೆಣಸು, ಕಬ್ಬು, ಮೆಕ್ಕೆಜೋಳ, ನೆಲಗಡಲೆ ಯಾವುದನ್ನೂ ಅದು ಬಿಡುವುದಿಲ್ಲ. ಬೆಳಗಿನ ಜಾವ ನೀರು ತಿರುಗಿಸಲು ಹೋದವರ ತೊಡೆಗೆ ಕೋರೆ ತಗುಲಿ ಆಸ್ಪತ್ರೆ ಸೇರಿದ ಸುದ್ದಿಗಳೂ ಪ್ರತಿ ವರ್ಷ ಬರುತ್ತವೆ.

ಇಷ್ಟು ಬೇಗ ಹೆಚ್ಚುವುದು ಏಕೆ?

ಉಳಿದ ಕಾಡುಪ್ರಾಣಿಗಳಿಗೂ ಹಂದಿಗೂ ಇರುವ ದೊಡ್ಡ ವ್ಯತ್ಯಾಸ ಸಂತಾನದ್ದು. ಕಡವೆ ಒಂದು ಸೂಲಿಗೆ ಒಂದು ಮರಿ ಹಾಕುತ್ತದೆ. ಹಂದಿಯ ಗರ್ಭಾವಧಿ ಸುಮಾರು 115 ದಿನ, ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮರಿ. ಮೇವು ಚೆನ್ನಾಗಿದ್ದರೆ ಹೆಣ್ಣುಮರಿ ವರ್ಷ ತುಂಬುವ ಮೊದಲೇ ಬೆದೆಗೆ ಬರುತ್ತದೆ. ಹೊಟ್ಟೆಗೆ ಸಿಕ್ಕಷ್ಟೂ ಮರಿ ಉಳಿಯುತ್ತವೆ. ವಿದೇಶಗಳಲ್ಲಿ ಹಂದಿಗಳ ಬಗ್ಗೆ ನಡೆದ ಅಧ್ಯಯನಗಳ ಸಾರ ಹೀಗಿದೆ: ಚೆನ್ನಾಗಿ ಮೇವು ಸಿಗುವ ಕಡೆ ಹಂದಿಗಳ ಸಂಖ್ಯೆ ಇಳಿಯಬೇಕಾದರೆ ವರ್ಷಕ್ಕೆ ನೂರರಲ್ಲಿ ಅರವತ್ತರಿಂದ ಎಂಬತ್ತು ಹಂದಿಗಳನ್ನು ತೆಗೆಯಬೇಕು. ಅದಕ್ಕಿಂತ ಕಡಿಮೆ ತೆಗೆದರೆ ಮುಂದಿನ ಸೂಲಿನಲ್ಲಿ ಖಾಲಿ ಜಾಗ ತುಂಬುತ್ತದೆ. ಈ ಒಂದು ಲೆಕ್ಕವನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನ ಎಲ್ಲ ಚರ್ಚೆಯೂ ಸುಲಭವಾಗುತ್ತದೆ.

ಮೇವು ಕೊಟ್ಟವರು ಯಾರು? ನಾವೇ. ಮಧ್ಯ ಕರ್ನಾಟಕದಲ್ಲಿ ಜೋಳ, ರಾಗಿಯ ಜಾಗಕ್ಕೆ ಮೆಕ್ಕೆಜೋಳ ಬಂದಿತು. ಆಳೆತ್ತರ ಬೆಳೆಯುವ ಮೆಕ್ಕೆಜೋಳ ಮತ್ತು ಕಬ್ಬು ಹಂದಿಗೆ ಊಟವೂ ಹೌದು, ಹಗಲು ಮಲಗುವ ಮನೆಯೂ ಹೌದು. ಕಾಡಂಚಿನಲ್ಲಿ ಲಂಟಾನ ಹಬ್ಬಿ ಹಂದಿಗೆ ಅಡಗುದಾಣವಾಯಿತು. ಮಲೆನಾಡಿನಲ್ಲಿ ಭತ್ತದ ಗದ್ದೆಗಳು ಪಾಳುಬಿದ್ದವು. ಒಂದು ಮನೆಯವರು ಗದ್ದೆ ಬಿಟ್ಟರೆ ಅಲ್ಲಿ ಹಳು ಬೆಳೆಯುತ್ತದೆ, ಹಂದಿ ಪಕ್ಕದ ಮನೆಯ ಗದ್ದೆಯ ಬದಿಯಲ್ಲೇ ಬಿಡಾರ ಹೂಡುತ್ತದೆ. ಮೊದಲು ಸುಗ್ಗಿಯ ತನಕ ಮಾಳ ಕಟ್ಟಿ, ಬೆಂಕಿ ಹಾಕಿ, ಕೂ ಹೊಡೆದು ರಾತ್ರಿಯಿಡೀ ಕಾಯುವವರಿದ್ದರು. ಈಗ ಮನೆಯಲ್ಲಿ ಉಳಿದಿರುವುದು ಅಪ್ಪ ಅಮ್ಮ ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ. ಪೇಟೆಯ ಅಂಚಿನಲ್ಲಿ ರಾತ್ರೋರಾತ್ರಿ ಸುರಿಯುವ ಕೋಳಿ ಅಂಗಡಿಯ ತ್ಯಾಜ್ಯ, ಛತ್ರದ ಎಂಜಲೂ ಹಂದಿಯನ್ನು ಸಾಕುತ್ತಿವೆ.

ಹಂದಿಯ ಸಹಜ ವೈರಿಗಳೂ ಕಡಿಮೆಯಾದವು. ಹುಲಿ, ಚಿರತೆ, ಸೀಳುನಾಯಿ ಮೂರೂ ಹಂದಿಯನ್ನು, ಅದರಲ್ಲೂ ಮರಿಗಳನ್ನು ತಿನ್ನುತ್ತವೆ. ಸೀಳುನಾಯಿಯನ್ನು ಕೊಂದವರಿಗೆ ಬ್ರಿಟಿಷರ ಕಾಲದಿಂದಲೂ ಬಹುಮಾನ ಕೊಡಲಾಗುತ್ತಿತ್ತು. ಆ ಪದ್ಧತಿ ನಿಂತದ್ದು 1972ರಲ್ಲಿ ವನ್ಯಜೀವಿ ಕಾಯ್ದೆ ಬಂದಾಗ. ಸಂರಕ್ಷಿತ ಕಾಡುಗಳಲ್ಲಿ ಈ ಬೇಟೆಗಾರ ಪ್ರಾಣಿಗಳು ಚೇತರಿಸಿಕೊಂಡಿವೆ. ಆದರೆ ಹಂದಿ ಕಾಟ ಹೆಚ್ಚಾಗಿರುವ ಹೊಲ, ತೋಟ, ಕುರುಚಲು ಕಾಡಿನ ಸೀಮೆಯಲ್ಲಿ ಚಿರತೆಯೊಂದನ್ನು ಬಿಟ್ಟರೆ ಅದನ್ನು ಹಿಡಿಯುವ ಪ್ರಾಣಿಯೇ ಇಲ್ಲ.

ಕಾನೂನು ಏನು ಹೇಳುತ್ತದೆ?

ಹಂದಿಯನ್ನು ಮುಟ್ಟುವಂತೆಯೇ ಇಲ್ಲ ಎಂಬುದು ಊರುಗಳಲ್ಲಿ ಬೇರೂರಿದ ನಂಬಿಕೆ. ಅದು ಪೂರ್ತಿ ನಿಜವಲ್ಲ. 1972ರ ಕಾಯ್ದೆಯಲ್ಲಿ ಕಾಡುಹಂದಿ ಮೊದಲು ಮೂರನೆಯ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನು ಮರುಜೋಡಿಸಿದ ಮೇಲೆ ಎರಡನೆಯದಕ್ಕೆ ಬಂದಿದೆ. ಬೇಟೆ ನಿಷೇಧ ಇದ್ದೇ ಇದೆ. ಆದರೆ 11ನೆಯ ಕಲಮಿನ ಪ್ರಕಾರ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯ ಒಡ್ಡಿದರೆ, ಕಾರಣಗಳನ್ನು ಬರೆದು, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಬೇಟೆಗೆ ಅನುಮತಿ ಕೊಡಬಹುದು. 62ನೆಯ ಕಲಮಿನಲ್ಲಿ ಕೇಂದ್ರ ಸರ್ಕಾರ ಗೊತ್ತಾದ ಪ್ರದೇಶಕ್ಕೆ, ಗೊತ್ತಾದ ಅವಧಿಗೆ ಕೆಲವು ಪ್ರಾಣಿಗಳನ್ನು ‘ಪೀಡಕ ಪ್ರಾಣಿ’ ಎಂದು ಘೋಷಿಸಬಹುದು. ಹಾಗೆ ಘೋಷಿಸಿದ ಕಡೆ ಕೊಲ್ಲಲು ಅನುಮತಿ ಬೇಕಿಲ್ಲ.

ಈ ಎರಡನೆಯ ದಾರಿಯನ್ನು ಹಿಡಿದು ನೋಡಲಾಗಿದೆ. 2015ರ ಡಿಸೆಂಬರಿನಲ್ಲಿ ಬಿಹಾರದ ಕೆಲವು ಜಿಲ್ಲೆಗಳಿಗೆ ನೀಲಗಾಯಿ ಮತ್ತು ಕಾಡುಹಂದಿ, 2016ರಲ್ಲಿ ಉತ್ತರಾಖಂಡದ ಕೆಲವೆಡೆ ಕಾಡುಹಂದಿ, ಹಿಮಾಚಲ ಪ್ರದೇಶದಲ್ಲಿ ಕೋತಿ ಪೀಡಕ ಪಟ್ಟಿಗೆ ಸೇರಿದವು. ಬಿಹಾರದ ಮೊಕಾಮಾದಲ್ಲಿ ಹೊರಗಿನಿಂದ ಕರೆಸಿದ ಗುರಿಕಾರರು ಇನ್ನೂರಕ್ಕೂ ಹೆಚ್ಚು ನೀಲಗಾಯಿಗಳನ್ನು ಹೊಡೆದಾಗ ಕೇಂದ್ರದ ಇಬ್ಬರು ಮಂತ್ರಿಗಳಾದ ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್ ಬಹಿರಂಗವಾಗಿಯೇ ಜಗಳವಾಡಿದರು. ಹಿಮಾಚಲದಲ್ಲಿ ಕೋತಿಯನ್ನು ಕೊಲ್ಲಲು ಮುಂದೆ ಬಂದವರೇ ಇಲ್ಲವೆನ್ನುವಷ್ಟು ಕಡಿಮೆ. ಅವಧಿ ಮುಗಿದ ಮೇಲೆ ಸಮಸ್ಯೆ ಮೊದಲಿನ ಹಾಗೇ ಉಳಿಯಿತು.

ಕೇರಳ ಪೀಡಕ ಘೋಷಣೆಗಾಗಿ ಕೇಂದ್ರವನ್ನು ಹಲವು ಬಾರಿ ಕೇಳಿತು, ಸಿಗಲಿಲ್ಲ. 2022ರ ಮೇ ತಿಂಗಳಲ್ಲಿ ಆ ಸರ್ಕಾರ 11ನೆಯ ಕಲಮಿನ ಅಧಿಕಾರವನ್ನೇ ಗ್ರಾಮ ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿತು. ಪಂಚಾಯಿತಿ ಅಧ್ಯಕ್ಷರ ಆದೇಶದ ಮೇಲೆ ಪರವಾನಗಿ ಇರುವ ಗುರಿಕಾರ ಹೊಡೆಯಬಹುದು. ಹೆಣವನ್ನು ತಿನ್ನುವಂತಿಲ್ಲ, ನಿಯಮದಂತೆ ವಿಲೇವಾರಿ ಮಾಡಬೇಕು. ಕಾಗದ ದೂರದ ಕಚೇರಿಗೆ ಹೋಗಿ ಬರುವುದರೊಳಗೆ ಬೆಳೆ ಮುಗಿದಿರುತ್ತಿತ್ತು. ಆ ವಿಳಂಬ ತಪ್ಪಿತು ಎಂಬುದು ನಿಜವಾದ ಲಾಭ. ಆದರೆ ಗುರಿ ತಪ್ಪದೆ ಹೊಡೆಯಬಲ್ಲ ಪರವಾನಗಿದಾರರು ಎಲ್ಲ ಪಂಚಾಯಿತಿಗಳಲ್ಲೂ ಇಲ್ಲ. ಅಧಿಕಾರ ಹತ್ತಿರ ಬಂದಷ್ಟು ಸುಲಭವಾಗಿ ಕೆಲಸಗಾರರು ಸಿಗಲಿಲ್ಲ.

ನಮ್ಮಲ್ಲಿ ಕೋವಿಯ ಮಾತು ಬೇರೆಯೇ ಇದೆ. ಬೆಳೆ ರಕ್ಷಣೆಗೆಂದೇ ಕೋವಿ ಪರವಾನಗಿ ಪಡೆದ ರೈತರು ಮಲೆನಾಡು, ಕರಾವಳಿಯಲ್ಲಿ ಸಾಕಷ್ಟಿದ್ದಾರೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶದ ಬಗ್ಗೆ ಈ ರೈತರ ಅಸಮಾಧಾನ ನ್ಯಾಯವಾದದ್ದೇ. ಆದರೆ ಕೋವಿ ಮನೆಮನೆಯಲ್ಲಿರುವ ಕೊಡಗಿನಲ್ಲೂ ಹಂದಿ ಕಾಟ ಇದ್ದೇ ಇದೆ ಎಂಬುದನ್ನೂ ಮರೆಯಬಾರದು. ಗದ್ದೆಗೆ ಬಂದ ಹಂದಿಯನ್ನು ಆ ರಾತ್ರಿ ಹೆದರಿಸಿ ಓಡಿಸಲು ಕೋವಿ ಸಾಕು, ಹಂದಿಯ ಸಂಖ್ಯೆ ಇಳಿಸಲು ಅದೊಂದೇ ಸಾಲದು.

ಅಮೆರಿಕದ ಗುಂಡು ಕಲಿಸಿದ ಪಾಠ

ಈ ಮಾತಿಗೆ ಆಧಾರ ಬೇಕಾದರೆ ಅಮೆರಿಕವನ್ನು ನೋಡಬೇಕು. ಹಂದಿ ಅಲ್ಲಿನ ಪ್ರಾಣಿಯಲ್ಲ. 1539ರಲ್ಲಿ ಸ್ಪೇನಿನ ಎರ್ನಾಂಡೊ ಡಿ ಸೋಟೊ ಫ್ಲಾರಿಡಾಕ್ಕೆ ತಂದ ಸಾಕುಹಂದಿಗಳು, 1912ರಲ್ಲಿ ಉತ್ತರ ಕೆರೊಲಿನಾದ ಬೇಟೆಯ ಎಸ್ಟೇಟಿಗೆ ತರಿಸಿದ ಯುರೋಪಿನ ಕಾಡುಹಂದಿಗಳು, ಇವೆಲ್ಲ ಬೆರೆತು ಇಂದು ಸುಮಾರು 35 ರಾಜ್ಯಗಳಲ್ಲಿ 60 ಲಕ್ಷಕ್ಕೂ ಹೆಚ್ಚಿವೆ ಎಂಬುದು ಅಲ್ಲಿನ ಕೃಷಿ ಇಲಾಖೆಯ ಅಂದಾಜು. ಕೋವಿಗೆ ಕೊರತೆಯಿಲ್ಲದ ದೇಶ. ಟೆಕ್ಸಾಸಿನಲ್ಲಂತೂ 2011ರ ಕಾನೂನಿನ ಬಲದಿಂದ ಹೆಲಿಕಾಪ್ಟರಿನಿಂದಲೂ ಹಂದಿ ಹೊಡೆಯಬಹುದು. ಆದರೂ ಹಂದಿ ಕಡಿಮೆಯಾಗಲಿಲ್ಲ.

ಟೆನೆಸಿ ರಾಜ್ಯದ ಅನುಭವ ಇನ್ನೂ ಸ್ಪಷ್ಟ. 1999ರಲ್ಲಿ ಆ ರಾಜ್ಯ ಹಂದಿ ನಿಯಂತ್ರಣಕ್ಕೆಂದು ಎಲ್ಲ ಕಡೆಯೂ, ಮಿತಿಯಿಲ್ಲದೆ ಬೇಟೆಗೆ ಅವಕಾಶ ಕೊಟ್ಟಿತು. ಅಲ್ಲಿಯವರೆಗೆ ಕೆಲವೇ ಜಿಲ್ಲೆಗಳಲ್ಲಿದ್ದ ಹಂದಿ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು 80 ಜಿಲ್ಲೆಗಳಲ್ಲಿ ಕಾಣಿಸಿಕೊಂಡಿತು. ಬೇಟೆಯ ಗೀಳು ಹತ್ತಿದ ಜನ ತಮ್ಮ ಊರಿನಲ್ಲೂ ಬೇಟೆ ಸಿಗಲಿ ಎಂದು ಹಂದಿಗಳನ್ನು ಹಿಡಿದು ತಂದು ಬಿಟ್ಟದ್ದು ಇದಕ್ಕೆ ಮುಖ್ಯ ಕಾರಣ. 2011ರಲ್ಲಿ ರಾಜ್ಯ ತನ್ನ ನೀತಿಯನ್ನೇ ತಿರುಗಿಸಿ, ಹಂದಿಯನ್ನು ಬೇಟೆಪ್ರಾಣಿಗಳ ಪಟ್ಟಿಯಿಂದ ತೆಗೆಯಿತು. ಜಾರ್ಜಿಯಾದ ಫೋರ್ಟ್ ಬೆನ್ನಿಂಗ್ ಸೇನಾ ನೆಲೆಯಲ್ಲಿ 2007-08ರಲ್ಲಿ ಹಂದಿ ಬಾಲವೊಂದಕ್ಕೆ 40 ಡಾಲರ್ ಬಹುಮಾನ ಇಟ್ಟರು. ಬಾಲಗಳು ರಾಶಿಯಾಗಿ ಬಂದವು, ಹಂದಿಗಳ ಸಂಖ್ಯೆ ಇಳಿಯಲಿಲ್ಲ. ಬೇಟೆಗಾರರು ಹಂದಿಯನ್ನು ಕರೆಯಲು ಚೆಲ್ಲಿದ ಮೇವೇ ಹಂದಿಗಳ ಸಂತಾನಕ್ಕೆ ಬಲ ಕೊಟ್ಟಿತು ಎಂದು ಅಲ್ಲಿ ಅಧ್ಯಯನ ಮಾಡಿದವರು ವಿವರಿಸಿದರು.

ಮಲೆನಾಡಿನ ಶಿಕಾರಿಯವರೂ ಬಲ್ಲ ಸಂಗತಿಯೇ ಇದರ ಹಿಂದಿದೆ. ನಾಯಿ ಬಿಟ್ಟು ಹಳು ನುಗ್ಗಿಸಿ ಕಂಡಿಯಲ್ಲಿ ಕಾದು ಹೊಡೆದಾಗ ಬೀಳುವುದು ಒಂದೋ ಎರಡೋ. ಅದೂ ಮಾಂಸ ಹೆಚ್ಚಿರುವ ದೊಡ್ಡ ಗಂಡನ್ನೇ ನೋಡಿ ಹೊಡೆಯುತ್ತಾರೆ. ಗಂಡು ಒಂದು ಸತ್ತರೆ ಇನ್ನೊಂದು ಬರುತ್ತದೆ, ಸೂಲು ತಪ್ಪುವುದಿಲ್ಲ. ಉಳಿದ ಹಿಂಡು ಚದುರಿ ಹೊಸ ಜಾಗಗಳಿಗೆ ಹೋಗುತ್ತದೆ, ಹಗಲು ಹೊರಬರುವುದನ್ನೇ ಬಿಡುತ್ತದೆ, ಮನುಷ್ಯನ ವಾಸನೆಗೆ ದೂರದಿಂದಲೇ ಎಚ್ಚರಾಗುತ್ತದೆ. ಅಡ್ಡಾದಿಡ್ಡಿ ಬೇಟೆ ಹಂದಿಯನ್ನು ಕಡಿಮೆ ಮಾಡುವುದಿಲ್ಲ, ಜಾಣನನ್ನಾಗಿ ಮಾಡುತ್ತದೆ.

ಪೂರ್ತಿ ಹಿಂಡನ್ನೇ ತೆಗೆಯುವ ದಾರಿ

ಹಾಗಾದರೆ ಗೆದ್ದವರು ಯಾರೂ ಇಲ್ಲವೇ? ಇದ್ದಾರೆ. ಕ್ಯಾಲಿಫೋರ್ನಿಯಾ ಕರಾವಳಿಯ ಸಾಂತಾ ಕ್ರೂಜ್ ದ್ವೀಪದಲ್ಲಿ ಕಾಡುಬಿದ್ದ ಹಂದಿಗಳ ಮರಿಗಳನ್ನು ತಿನ್ನಲು ಹೊನ್ನಹದ್ದುಗಳು ಬಂದು ನೆಲೆಸಿ, ಆ ದ್ವೀಪಕ್ಕೇ ವಿಶಿಷ್ಟವಾದ ಪುಟ್ಟ ನರಿಯನ್ನೂ ತಿಂದು ಅಳಿವಿನಂಚಿಗೆ ತಂದಿದ್ದವು. ಸುಮಾರು 250 ಚದರ ಕಿಲೋಮೀಟರಿನ ದ್ವೀಪವನ್ನು ಬೇಲಿ ಹಾಕಿ ಐದು ಭಾಗ ಮಾಡಿದರು. ಒಂದೊಂದು ಭಾಗದಲ್ಲೂ ಮೊದಲು ಬೋನು, ಆಮೇಲೆ ಹೆಲಿಕಾಪ್ಟರ್, ಕೊನೆಗೆ ಪಳಗಿದ ನಾಯಿಗಳೊಂದಿಗೆ ಕಾಲ್ನಡಿಗೆಯ ಶೋಧ. ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಬಿಟ್ಟ ಹಂದಿಗಳು ತಮ್ಮ ಬಳಗವನ್ನು ಹುಡುಕಿಕೊಂಡು ಹೋದಾಗ ಅಡಗಿ ಉಳಿದವುಗಳ ಜಾಗ ತಿಳಿಯಿತು. ಎರಡು ವರ್ಷದೊಳಗೆ ಐದು ಸಾವಿರಕ್ಕೂ ಹೆಚ್ಚು ಹಂದಿಗಳು ಹೋದವು, ದ್ವೀಪದಲ್ಲಿ ಒಂದೂ ಉಳಿಯಲಿಲ್ಲ. ಗಲಪಗೋಸಿನ ಸಾಂಟಿಯಾಗೊ ದ್ವೀಪದಲ್ಲಿ ಇದೇ ಕೆಲಸಕ್ಕೆ ಸುಮಾರು ಮೂವತ್ತು ವರ್ಷ ಹಿಡಿಯಿತು. 18,000ಕ್ಕೂ ಹೆಚ್ಚು ಹಂದಿಗಳನ್ನು ತೆಗೆದ ಮೇಲೆ 2000ದಲ್ಲಿ ಅದು ಮುಗಿಯಿತು.

ದ್ವೀಪವಲ್ಲದ ಕಡೆ ಫಲ ಕೊಟ್ಟಿರುವುದು ದೊಡ್ಡಿ ಬೋನು. ಒಂದೊಂದೇ ಹಂದಿ ಹಿಡಿಯುವ ಪೆಟ್ಟಿಗೆ ಬೋನಿಗೂ ಇದಕ್ಕೂ ವ್ಯತ್ಯಾಸವಿದೆ. ಗಟ್ಟಿ ತಂತಿಜಾಲರಿಯಿಂದ ಎದೆಯೆತ್ತರದ ಗುಂಡು ದೊಡ್ಡಿ ಕಟ್ಟುತ್ತಾರೆ. ಮೂಲೆಯಿದ್ದರೆ ಹಂದಿಗಳು ಅಲ್ಲಿ ಒಂದರ ಮೇಲೊಂದು ಏರಿ ಹಾರಿಬಿಡುತ್ತವೆ, ಹಾಗಾಗಿ ದುಂಡಗೇ ಇರಬೇಕು. ಬಾಗಿಲು ತೆರೆದಿಟ್ಟು ದಿನವೂ ಮೆಕ್ಕೆಜೋಳ ಹಾಕುತ್ತಾರೆ. ಮೊದಲು ಮರಿಗಳು ಒಳಗೆ ಬರುತ್ತವೆ, ಅಮ್ಮಂದಿರು ಹೊರಗೇ ನಿಂತು ಮೂಸುತ್ತವೆ. ವಾರ, ಹತ್ತು ದಿನ ತಾಳಿದರೆ ಹಿರಿಯ ಹೆಣ್ಣೂ ಒಳಗೆ ಬಂದು ತಿನ್ನತೊಡಗುತ್ತದೆ. ಹಿಂಡಿನಲ್ಲಿ ಎಷ್ಟಿವೆ ಎಂಬುದನ್ನು ಕ್ಯಾಮೆರಾ ಮೊದಲೇ ಹೇಳಿರುತ್ತದೆ. ಅಷ್ಟೂ ಒಳಗೆ ಬಂದ ರಾತ್ರಿ, ದೂರದಲ್ಲಿ ಕುಳಿತವರು ಮೊಬೈಲಿನಿಂದ ಬಾಗಿಲು ಬೀಳಿಸುತ್ತಾರೆ. ಒಂದು ಹಂದಿಯೂ ಹೊರಗುಳಿಯಬಾರದು ಎಂಬುದೇ ಇಡೀ ಕ್ರಮದ ಗುಟ್ಟು. ಹೊರಗುಳಿದದ್ದು ಮತ್ತೆಂದೂ ಬೋನಿಗೆ ಬರುವುದಿಲ್ಲ. ಮಿಸೌರಿ ರಾಜ್ಯ 2016ರಲ್ಲಿ ತನ್ನ ಸಂರಕ್ಷಣಾ ಇಲಾಖೆಯ ಜಾಗಗಳಲ್ಲಿ ಹವ್ಯಾಸಿ ಹಂದಿ ಬೇಟೆಯನ್ನೇ ನಿಷೇಧಿಸಿದ್ದು ಇದೇ ಕಾರಣಕ್ಕೆ: ಒಂದು ಗುಂಡು ಹಾರಿದರೆ ಹತ್ತು ದಿನದ ತಾಳ್ಮೆ ನೀರುಪಾಲು.

ಯುರೋಪಿನಲ್ಲಿ ಆಫ್ರಿಕನ್ ಹಂದಿಜ್ವರ ಕಾಡುಹಂದಿಗಳಿಗೆ ತಗುಲಿದಾಗಲೂ ಇದೇ ಕಂಡಿತು. 2017ರಲ್ಲಿ ಝೆಕ್ ಗಣರಾಜ್ಯದ ಜ್ಲೀನ್ ಪ್ರದೇಶದಲ್ಲಿ ಜ್ವರ ಕಾಣಿಸಿದ ಕೂಡಲೇ ಸರ್ಕಾರ ಬೇಟೆಗಾರರನ್ನು ನುಗ್ಗಿಸಲಿಲ್ಲ. ರೋಗದ ಕೇಂದ್ರದಲ್ಲಿ ಬೇಟೆ ನಿಲ್ಲಿಸಿ, ಹಂದಿ ಚದುರದಂತೆ ಸುತ್ತ ಬೇಲಿ ಹಾಕಿ, ಸತ್ತ ಹಂದಿಗಳನ್ನು ಹುಡುಕಿ ತೆಗೆದು, ಆಮೇಲೆ ತರಬೇತಾದ ತಂಡಗಳಿಂದ ಉಳಿದವನ್ನು ತೆಗೆಸಿತು. 2019ರಲ್ಲಿ ಆ ದೇಶ ರೋಗಮುಕ್ತವಾಯಿತು. 2018ರಲ್ಲಿ ರೋಗ ಹೊಕ್ಕ ಬೆಲ್ಜಿಯಂ ಇದೇ ಮಾದರಿಯಲ್ಲಿ ನಡೆದು 2020ರಲ್ಲಿ ಗೆದ್ದಿತು.

ಈ ಗೆಲುವುಗಳನ್ನು ನಮ್ಮ ನೆಲಕ್ಕೆ ಹಾಗೇ ತರುವಂತಿಲ್ಲ. ಅಮೆರಿಕಕ್ಕೆ, ಗಲಪಗೋಸಿಗೆ ಹಂದಿ ಹೊರಗಿನದು. ನಮಗೆ ಅದು ಈ ಮಣ್ಣಿನದು, ಹುಲಿ, ಚಿರತೆ, ಸೀಳುನಾಯಿಗಳ ಆಹಾರ. ಕಾಡಿನಲ್ಲಿ ಹಂದಿ ಇಲ್ಲದಿದ್ದರೆ ಚಿರತೆ ಊರಿನ ನಾಯಿ, ಕರುಗಳತ್ತ ಬರುತ್ತದೆ. ನಿರ್ಮೂಲನ ನಮ್ಮ ಗುರಿಯಾಗಬಾರದು, ಆಗಲೂ ಸಾಧ್ಯವಿಲ್ಲ. ನಾವು ತೆಗೆದುಕೊಳ್ಳಬೇಕಾದದ್ದು ಕ್ರಮವನ್ನು: ಕಾಡಿನ ಹೊರಗೆ, ಒಂದು ಊರಿನ ಬೆಳೆಗೆ ಅಂಟಿಕೊಂಡ ಹಿಂಡನ್ನು ಗುರುತಿಸಿ, ಚದುರಿಸದೆ, ಪೂರ್ತಿಯಾಗಿ ತೆಗೆಯುವುದು.

ಮಾಡಲೇಬಾರದವು

ಹತಾಶೆಯಲ್ಲಿ ರೈತ ಹಿಡಿಯುವ ಮೂರು ದಾರಿಗಳಿವೆ: ಕಂಬದಿಂದ ನೇರ ಎಳೆದ ಕರೆಂಟು, ಸಿಡಿಮದ್ದು, ಉರುಳು. ಮೂರೂ ಹಂದಿಗೆಂದು ಇಟ್ಟವು, ಮೂರೂ ಬಂದವರನ್ನೆಲ್ಲ ಕೊಲ್ಲುತ್ತವೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಸಿಡಿಮದ್ದು ತುಂಬಿದ ಕಾಯಿ ಕಚ್ಚಿ ಬಾಯಿ ಛಿದ್ರವಾದ ಗಬ್ಬದ ಆನೆ ವೆಳ್ಳಿಯಾರ್ ಹೊಳೆಯಲ್ಲಿ ನಿಂತೇ ಸತ್ತದ್ದನ್ನು ದೇಶವೆಲ್ಲ ನೋಡಿತು. ಆ ಮದ್ದು ಹಂದಿಗೆಂದು ಇಟ್ಟದ್ದು. ಉರುಳಿಗೆ ಸಿಕ್ಕ ಚಿರತೆ, ಹುಲಿಗಳೂ ನಮ್ಮ ರಾಜ್ಯದಲ್ಲಿ ಸತ್ತಿವೆ. ತಂತಿಗೆ ಹರಿಸಿದ ಕರೆಂಟಿಗೆ ನೆರೆಮನೆಯವರು, ಹೊಲದ ಒಡೆಯರೇ ಬಲಿಯಾಗಿದ್ದಾರೆ.

ವಿಷವೂ ಹಾಗೆಯೇ. ಆಸ್ಟ್ರೇಲಿಯಾದಲ್ಲಿ ಸೋಡಿಯಂ ನೈಟ್ರೈಟ್ ಬೆರೆಸಿದ ಮೇವು ಬಳಕೆಯಲ್ಲಿದೆ. ಅಮೆರಿಕ 2017ರಲ್ಲಿ ವಾರ್ಫರಿನ್ ವಿಷಕ್ಕೆ ಅನುಮತಿ ಕೊಟ್ಟಾಗ ಟೆಕ್ಸಾಸಿನಲ್ಲಿ ದೊಡ್ಡ ವಿರೋಧವೇ ಎದ್ದಿತು. ದನ, ನಾಯಿ, ನವಿಲು, ಕರಡಿ ಎಲ್ಲವೂ ಒಂದೇ ದಾರಿಯಲ್ಲಿ ಓಡಾಡುವ ನಮ್ಮ ಕಾಡಂಚಿನಲ್ಲಿ ವಿಷದ ಮಾತನ್ನೇ ಎತ್ತಬಾರದು. ಸಂತಾನಹರಣ ಚುಚ್ಚುಮದ್ದು ಕೇಳಲು ಚೆಂದ. ಹಾಂಗ್‌ಕಾಂಗ್ 2017ರಲ್ಲಿ ಹಂದಿಗಳನ್ನು ಹಿಡಿದು ಚುಚ್ಚುಮದ್ದು ಕೊಟ್ಟು ಬಿಡುವ ಪ್ರಯೋಗ ಶುರುಮಾಡಿತು. ನಾಲ್ಕು ವರ್ಷದ ಮೇಲೆ, 2021ರಲ್ಲಿ, ಅದನ್ನು ಬಿಟ್ಟು ಕೊಲ್ಲುವ ನೀತಿಗೆ ತಿರುಗಿತು. ಹಿಡಿಯಲು ಸಾಧ್ಯವಾದ ಹಂದಿಗೆ ಮಾತ್ರ ಚುಚ್ಚಲು ಸಾಧ್ಯ. ಹಿಡಿಯುವುದೇ ಕಷ್ಟವಾದ ಪ್ರಾಣಿಗೆ ಇದು ಸದ್ಯಕ್ಕೆ ಉತ್ತರವಲ್ಲ.

ಬೇಲಿಯ ಬಲ, ಬೇಲಿಯ ಮಿತಿ

ಕೊಲ್ಲದೆ ಬೆಳೆ ಉಳಿಸುವ ಕ್ರಮಗಳಲ್ಲಿ ನಂಬಬಹುದಾದದ್ದು ಸೋಲಾರ್ ಬೇಲಿ. ಮಲೆನಾಡಿನಲ್ಲಿ ಐಬೆಕ್ಸ್ ಬೇಲಿ ಎಂದೇ ಹೆಸರಾಗಿರುವ ಇದರಲ್ಲಿ ಸೆಕೆಂಡಿಗೆ ಒಂದರಂತೆ, ಕಣ್ಣೆವೆ ಮುಚ್ಚುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಶಾಕ್ ಹರಿಯುತ್ತದೆ. ಹೊಡೆತ ಜೋರು, ಪ್ರಾಣಾಪಾಯವಿಲ್ಲ. ಆದರೆ ಆನೆಗೋ ದನಕ್ಕೋ ಹಾಕಿದ ಬೇಲಿ ಹಂದಿಗೆ ಆಗುವುದಿಲ್ಲ. ಹಂದಿ ಹಾರುವುದಕ್ಕಿಂತ ನುಸುಳುವುದರಲ್ಲಿ ನಿಪುಣ. ಕೆಳಗಿನ ತಂತಿ ನೆಲದಿಂದ ಒಂದು ಗೇಣಿನಷ್ಟೇ ಮೇಲಿರಬೇಕು, ಎರಡನೆಯದು ಎರಡು ಗೇಣಿನ ಆಸುಪಾಸಿನಲ್ಲಿ. ಹಂದಿಯ ಒದ್ದೆ ಮೂತಿ ತಂತಿಗೆ ತಾಗಬೇಕು. ಮೈಗೆ ತಾಗಿದರೆ ದಪ್ಪ ಕೂದಲಿನಿಂದ ಶಾಕ್ ಹತ್ತುವುದಿಲ್ಲ, ಬೆಚ್ಚಿದ ಹಂದಿ ಮುಂದಕ್ಕೇ ನುಗ್ಗುತ್ತದೆ.

ಇಲ್ಲೇ ತೊಡಕು ಇರುವುದು. ಅಷ್ಟು ಕೆಳಗಿನ ತಂತಿಗೆ ಮಳೆಗಾಲದಲ್ಲಿ ವಾರದೊಳಗೆ ಹುಲ್ಲು ತಾಗುತ್ತದೆ. ಹುಲ್ಲು ತಾಗಿದರೆ ಕರೆಂಟು ನೆಲಕ್ಕಿಳಿದು ಬೇಲಿ ಸತ್ತಂತೆಯೇ. ಆಷಾಢದಲ್ಲಿ ಬಿಸಿಲಿಲ್ಲದೆ ಬ್ಯಾಟರಿಯೂ ಕುಗ್ಗಿರುತ್ತದೆ. ಬೇಲಿ ಹಾಕಲು ಸಹಾಯಧನ ಸಿಗುತ್ತದೆ, ಬೇಲಿ ಸವರಲು ಆಳು ಸಿಗುವುದಿಲ್ಲ. ಹಲವು ಊರುಗಳಲ್ಲಿ ಸೋಲಾರ್ ಬೇಲಿ ಕೈಕೊಟ್ಟಿತು ಎಂಬ ಮಾತಿನ ಹಿಂದೆ ಇರುವುದು ಇದು. ಜೊತೆಗೆ, ಒಬ್ಬ ಬೇಲಿ ಹಾಕಿದರೆ ಹಿಂಡು ಪಕ್ಕದವನ ಹೊಲಕ್ಕೆ ಹೋಗುತ್ತದೆ. ಹಾನಿ ಕಡಿಮೆಯಾಗಲಿಲ್ಲ, ಕೈ ಬದಲಾಯಿತು ಅಷ್ಟೇ. ಜಪಾನ್ 2013ರಲ್ಲಿ ಹತ್ತು ವರ್ಷದೊಳಗೆ ಕಾಡುಹಂದಿ, ಜಿಂಕೆಗಳನ್ನು ಅರ್ಧಕ್ಕೆ ಇಳಿಸುವ ಗುರಿ ಹಾಕಿಕೊಂಡಿತು. ಆ ದೇಶ ಮೂರು ಕೆಲಸಗಳನ್ನು ಒಟ್ಟಿಗೆ ಹಿಡಿದಿದೆ: ಇಡೀ ಊರನ್ನು ಬಳಸುವ ಬೇಲಿ, ಊರಂಚಿನ ಹಳು ಸವರಿ ಬಿದ್ದ ಹಣ್ಣು ತೆಗೆಯುವುದು, ಬೆಳೆಗೆ ಬೀಳುವ ಹಂದಿಗಳನ್ನು ಹಿಡಿಯುವುದು. ಮುದುಕರೇ ಉಳಿದ, ಗದ್ದೆ ಪಾಳುಬಿದ್ದ ಅಲ್ಲಿನ ಹಳ್ಳಿಗಳ ಪಾಡು ನಮ್ಮ ಮಲೆನಾಡಿನದೇ ಪಾಡು.

ಹಳೆಯ ಸೀರೆ ಕಟ್ಟುವುದು, ಬಾಟಲಿ ತೂಗುಬಿಡುವುದು, ಕ್ಷೌರದ ಅಂಗಡಿಯ ಕೂದಲು ಚೆಲ್ಲುವುದು, ಗರ್ನಾಲು ಹೊಡೆಯುವುದು, ಕೊಳೆತ ಮೊಟ್ಟೆಯ ದ್ರಾವಣ ಇವೆಲ್ಲ ಕೆಲವು ದಿನ ನಡೆಯುತ್ತವೆ. ಆಮೇಲೆ ಹಂದಿಗೆ ಅಭ್ಯಾಸವಾಗುತ್ತದೆ. ಕಟಾವಿಗೆ ಹತ್ತು ಹದಿನೈದು ದಿನ ಇರುವಾಗ ಇವನ್ನು ಬದಲಿಸಿ ಬದಲಿಸಿ ಬಳಸಿದರೆ ಲಾಭ, ಇಡೀ ಹಂಗಾಮಿಗೆ ಸಾಲವು. ತಿಮೆಟ್ ಕೀಟನಾಶಕದ ಹರಳಿನ ವಾಸನೆಗೆ ಹಂದಿ ಬರುವುದಿಲ್ಲ ಎಂದು ಅದನ್ನು ಕಟ್ಟುವ ರೂಢಿ ಇತ್ತು. ಅದರಲ್ಲಿರುವ ಫೊರೇಟ್ ವಿಷವನ್ನು 2020ರ ಕೊನೆಯಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಅದರ ಬದಲು ನೆಲಗಡಲೆ, ಮೆಕ್ಕೆಜೋಳದ ಸುತ್ತ ನಾಲ್ಕು ಸಾಲು ಹರಳು ಗಿಡ ಅಥವಾ ಮುಳ್ಳಿನ ಕುಸುಬೆ ಹಾಕುವುದು ಬಯಲುಸೀಮೆಗೆ ಹೊಂದುವ, ಹೆಚ್ಚು ಖರ್ಚಿಲ್ಲದ 'ಜೀವಂತ ಬೇಲಿ'.

ರೋಗ, ಮಾಂಸ, ಪರಿಹಾರ

ಕೊಂದ ಹಂದಿಯ ಮಾಂಸ ತಿನ್ನಲು ಬಿಟ್ಟರೆ ಜನ ತಾವಾಗಿಯೇ ಹಂದಿ ಕಡಿಮೆ ಮಾಡುತ್ತಾರೆ ಎಂಬ ವಾದ ಇದೆ. ನಾನು ಒಪ್ಪುವುದಿಲ್ಲ. ಬೇಟೆಯ ಗೀಳು ಹತ್ತಿದರೆ ಹಂದಿ ಉಳಿಯಬೇಕೆಂಬ ಆಸೆಯೂ ಬರುತ್ತದೆ ಎಂಬುದಕ್ಕೆ ಟೆನೆಸಿಯೇ ಸಾಕ್ಷಿ, ಮಾಂಸಕ್ಕೆ ಮಾರುಕಟ್ಟೆ ಬಂದರೂ ಅದೇ ಆಸೆ ಬರುತ್ತದೆ. ಬೇಟೆಯ ಹೆಸರಿನಲ್ಲಿ ಕಡವೆ, ಬರ್ಕಗಳೂ ಹೋಗುತ್ತವೆ. ರೋಗದ ಭಯವೂ ಇದೆ. ಆಫ್ರಿಕನ್ ಹಂದಿಜ್ವರ 2020ರಲ್ಲಿ ಈಶಾನ್ಯ ರಾಜ್ಯಗಳಿಗೆ ಬಂದಿತು, 2022ರಲ್ಲಿ ವಯನಾಡಿನ ಹಂದಿ ಸಾಕಣೆಗಳಲ್ಲಿ, 2023ರ ಜನವರಿಯಲ್ಲಿ ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯ ಕಾಡುಹಂದಿಗಳಲ್ಲಿ ಕಾಣಿಸಿತು. ಮನುಷ್ಯರಿಗೆ ಇದು ಬರುವುದಿಲ್ಲ. ಆದರೆ ಸೋಂಕಿದ ಮಾಂಸದ ತುಂಡೊಂದು ಸಾಕುಹಂದಿಗಳ ಇಡೀ ಕೊಟ್ಟಿಗೆಯನ್ನು ಖಾಲಿ ಮಾಡಬಲ್ಲದು. ಕಾಡುಹಂದಿ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಪಶುವೈದ್ಯರಿಗೆ ತಿಳಿಸುವುದು ಹಂದಿ ಸಾಕುವ ನೆರೆಯವರಿಗೆ ನಾವು ಮಾಡುವ ಉಪಕಾರ.

ಬೆಳೆ ಹೋದವರಿಗೆ ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆ ಇದೆ. ಬಂಡೀಪುರ, ನಾಗರಹೊಳೆ ಸುತ್ತಿನ ಹಳ್ಳಿಗಳಲ್ಲಿ 2015ರಿಂದ ‘ವೈಲ್ಡ್ ಸೇವೆ’ ಯೋಜನೆಯವರು, ಫೋನ್ ಮಾಡಿದರೆ ಹೊಲಕ್ಕೇ ಬಂದು ಅರ್ಜಿ ಬರೆಸುತ್ತಿದ್ದಾರೆ. ಅರ್ಜಿಯ ಗೊಂದಲಕ್ಕೆ ಹೆದರಿ ಸುಮ್ಮನಿದ್ದವರಿಗೂ ಪರಿಹಾರ ಸಿಗುವಂತಾದದ್ದು ಅದರ ಫಲ. 2026ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಗಳ ಹಾನಿಯನ್ನೂ ಸೇರಿಸಿಕೊಳ್ಳುವುದಾಗಿ ಕೇಂದ್ರ ಪ್ರಕಟಿಸಿದೆ. 72 ಗಂಟೆಯೊಳಗೆ ಆ್ಯಪಿನಲ್ಲಿ ಫೋಟೊ ಹಾಕಿ ತಿಳಿಸಬೇಕೆಂಬ ನಿಯಮವಿದೆ. ನೆಟ್‌ವರ್ಕ್ ಸಿಗದ ಘಟ್ಟದ ಹಳ್ಳಿಗಳಲ್ಲಿ ಇದು ನಡೆಯಬೇಕಾದರೆ ಪಂಚಾಯಿತಿಯಲ್ಲೇ ದೂರು ಬರೆದುಕೊಳ್ಳುವ ವ್ಯವಸ್ಥೆ ಬೇಕು. ಸಮಯಕ್ಕೆ ಸಿಕ್ಕ ಪರಿಹಾರ ದಾನವಲ್ಲ. ಕಂಬಕ್ಕೆ ತಂತಿ ಸಿಕ್ಕಿಸಲು ಹೊರಟ ಕೈಯನ್ನು ತಡೆಯುವ ಶಕ್ತಿ ಅದಕ್ಕಿದೆ.

ಆಗಬೇಕಾದದ್ದು

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಇದು. ಹಂದಿ ನಿಯಂತ್ರಣ ಒಬ್ಬ ರೈತನ ಕೆಲಸವಲ್ಲ, ಒಂದು ಇಲಾಖೆಯ ಕೆಲಸವೂ ಅಲ್ಲ. ಅದು ಊರಿನ ಕೆಲಸ. ನಾಲ್ಕು ಸಂಗತಿಗಳು ಒಟ್ಟಿಗೆ ನಡೆಯಬೇಕು. ಒಂದು, ಸಹಾಯಧನ ಒಬ್ಬೊಬ್ಬರ ಹೆಸರಿಗೆ ಹಂಚುವ ಬದಲು ಒಂದು ಬಯಲಿಗೆ ಒಂದೇ ಬೇಲಿ ಆಗಬೇಕು. ಬೇಲಿಯಡಿಯ ಹುಲ್ಲು ಸವರುವ ಕೆಲಸವನ್ನು ಉದ್ಯೋಗ ಖಾತರಿಯ ಕಾಮಗಾರಿಗಳಿಗೆ ಸೇರಿಸಬೇಕು. ಎರಡು, ಪಾಳುಗದ್ದೆಯ ಹಳು ಸವರುವುದನ್ನೂ ಪೇಟೆಯ ಕೋಳಿ ತ್ಯಾಜ್ಯಕ್ಕೆ ಸರಿಯಾದ ವಿಲೇವಾರಿಯನ್ನೂ ಪಂಚಾಯಿತಿ ಕಡ್ಡಾಯ ಮಾಡಬೇಕು. ಮೂರು, ಇವೆರಡೂ ಆದ ಮೇಲೂ ಬೆಳೆಗೆ ಬೀಳುವ ಹಿಂಡು ಇದ್ದರೆ ಅದನ್ನು ಪೂರ್ತಿಯಾಗಿ ತೆಗೆಯಲು ತಾಲ್ಲೂಕಿಗೊಂದು ತರಬೇತಾದ ತಂಡ, ದೊಡ್ಡಿ ಬೋನು, ಕ್ಯಾಮೆರಾ ಬೇಕು. ಅನುಮತಿ ವಾರದೊಳಗೆ ವಲಯ ಮಟ್ಟದಲ್ಲೇ ಸಿಗಬೇಕು. ನಾಲ್ಕು, ಪರಿಹಾರದ ಹಣ ಮುಂದಿನ ಬಿತ್ತನೆಯೊಳಗೆ ರೈತನ ಖಾತೆಗೆ ಬರಬೇಕು.

ಎಷ್ಟು ಹಂದಿ ಕೊಂದೆವು ಎಂಬ ಅಂಕಿ ವರದಿಗೆ ಚೆಂದ ಕಾಣುತ್ತದೆ, ರೈತನ ಕಣಜಕ್ಕೆ ಅದರಿಂದ ಏನೂ ಸೇರುವುದಿಲ್ಲ. ಹೋದ ವರ್ಷ ಈ ಬಯಲಿನಲ್ಲಿ ಎಷ್ಟು ಎಕರೆ ಹಾಳಾಗಿತ್ತು, ಈ ವರ್ಷ ಎಷ್ಟು ಉಳಿಯಿತು ಎಂದು ಪ್ರತಿ ಗ್ರಾಮಸಭೆಯೂ ಬರೆದಿಡಲಿ, ಇಲಾಖೆ ಅದರ ಮೇಲೆಯೇ ಹಣ ಹಂಚಲಿ. ಈ ಮುಂಗಾರಿಗೆ ಮೊದಲು ನಿಮ್ಮ ಗ್ರಾಮಸಭೆ ಕರೆದಾಗ ಹೋಗಿ, ಬೆಳೆ ಹಾನಿಯ ಲೆಕ್ಕವನ್ನು ನಡಾವಳಿಯಲ್ಲಿ ಬರೆಸಿ, ನೆರೆಹೊರೆಯವರು ಸೇರಿ ಒಂದು ಬೇಲಿಗೆ ಅರ್ಜಿ ಕೊಡಿ.